ಆ ಗೊಂದಲದಲ್ಲಿ

ನಾಗಮಂಗಲ
14 ಜುಲೈ 2024

ಪ್ರೀತಿಯ ಪ್ರಮೀಳಾ ಮಿಸ್ ಅವರಿಗೆ,

ನಾನು ಶಬ್ರೀನ್. ಕೆ.ಆರ್. ಪೇಟೆಯ ಶಾಲೆಯಲ್ಲಿ ಆರನೇ ಕ್ಲಾಸಿನವರೆಗೆ ನಿಮ್ಮಲ್ಲಿ ಇಂಗ್ಲಿಷ್ ಕಲಿತವಳು. ಸ್ಕೂಲ್ ಬಸ್ಸಿನ ಡ್ರೈವರ್ ಗೌಸ್ ಅವರ ಮಗಳು ಎಂದರೆ ಬೇಗ ನೆನಪಾಗಬಹುದು. ನನ್ನ ಜೊತೆ ಓದಿದ ಅರ್ಪಿತ ಮದುವೆಯಾಗಿ ನಿಮ್ಮ ಅರಕೆರೆಗೇ ಬಂದಿದ್ದಾಳಲ್ಲ, ಅವಳಿಂದ ವಿಳಾಸ ಸಿಕ್ಕಿತು. ನಿಮಗೀಗ ಕಿವಿ ಸರಿಯಾಗಿ ಕೇಳಿಸುವುದಿಲ್ಲ, ಫೋನು ಮಾಡಿ ಪ್ರಯೋಜನವಿಲ್ಲ, ಕಾಗದ ಬರೆದರೆ ಮಾತ್ರ ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸುತ್ತೀರಿ ಎಂದಳು. ಕೇಳಿ ಬೇಜಾರಾಯಿತು ಎನ್ನಲೋ, ನಿಮ್ಮ ಕೆಂಪು ಶಾಯಿ ಇನ್ನೂ ಇದೆಯೆಂದು ಸಂತೋಷವಾಯಿತು ಎನ್ನಲೋ ತಿಳಿಯಲಿಲ್ಲ.

ನಾನು ಬಿ.ಎ. ಮುಗಿಸಿ ಬಿ.ಎಡ್.ಗೆ ಸೇರುವ ತಯಾರಿಯಲ್ಲಿದ್ದೇನೆ. ನಿಮ್ಮ ಹಾಗೆ ಇಂಗ್ಲಿಷ್ ಟೀಚರಾಗಬೇಕೆಂದು ಆಸೆ. ಒಂದು ಪದದ ಜೊತೆ ಇನ್ನೊಂದು ಪದ ಹೊಂದಿಸುವ ಪಾಠದಲ್ಲಿ ನಾನು ಸೋಲುತ್ತೇನೆ. ಈ ಸಲ ‘ಕನ್‌ಫ್ಯೂಷನ್’ ಎಂಬ ಪದ ತೆಗೆದುಕೊಂಡು ಹತ್ತು ವಾಕ್ಯ ಬರೆದಿದ್ದೇನೆ. ಮೇಕ್ ಕನ್‌ಫ್ಯೂಷನ್, ಬಿಗ್ ಕನ್‌ಫ್ಯೂಷನ್ ಎಂದೆಲ್ಲ ಇದೆ. ದಯವಿಟ್ಟು ತಿದ್ದಿ.

ಹತ್ತನೆಯ ವಾಕ್ಯ ನನ್ನದಲ್ಲ. ಅಬ್ಬನ ಟ್ರಂಕಿನಲ್ಲಿದ್ದ ಒಂದು ಹಳೆಯ ಕಾಗದದ್ದು. ಹೇಮಗಿರಿಗೆ ಪಿಕ್ನಿಕ್ ಹೋದ ದಿನ ನಮ್ಮ ಕ್ಲಾಸಿನ ಸಹನ ನದಿಯ ಹತ್ತಿರ ಉಳಿದುಬಿಟ್ಟಳಲ್ಲ, ಅವತ್ತು ಸಂಜೆ ಶಾಲೆಯವರು ಟೈಪ್ ಮಾಡಿಸಿ ಅಬ್ಬನಿಂದ ಸಹಿ ಹಾಕಿಸಿಕೊಂಡ ಕಾಗದ. ಅದರಲ್ಲಿ ಹೀಗಿದೆ: ‘ಇನ್ ದಿ ಕನ್‌ಫ್ಯೂಷನ್ ದಟ್ ಪ್ರಿವೇಲ್ಡ್, ದಿ ಡ್ರೈವರ್ ಸ್ಟಾರ್ಟೆಡ್ ದಿ ಬಸ್ ವಿದೌಟ್ ಕನ್‌ಫರ್ಮಿಂಗ್ ದಿ ಕೌಂಟ್.’ ಅಲ್ಲಿದ್ದ ಗೊಂದಲದಲ್ಲಿ, ಮಕ್ಕಳ ಲೆಕ್ಕ ಖಚಿತಪಡಿಸಿಕೊಳ್ಳದೆ ಡ್ರೈವರ್ ಬಸ್ಸು ಹೊರಡಿಸಿದ, ಎಂದು ನಾನು ಅರ್ಥ ಮಾಡಿಕೊಂಡೆ. ಸರಿಯೇ? ಈ ವಾಕ್ಯದಲ್ಲಿ ಗೊಂದಲ ಮಾಡಿದವರು ಯಾರು ಎಂದು ಹೇಗೆ ಕಂಡುಹಿಡಿಯುವುದು? ಕಾಗದದಲ್ಲಿ ಬೇರೆ ಯಾರ ಹೆಸರೂ ಇಲ್ಲ. ಮಕ್ಕಳ ಮಾತೂ ಇಲ್ಲ.

ನಾನು ಬರೆಯುತ್ತಿರುವುದು ಅಬ್ಬನಿಗೆ ಗೊತ್ತಿಲ್ಲ.

ನಿಮ್ಮ ವಿದ್ಯಾರ್ಥಿನಿ,
ಶಬ್ರೀನ್

*

ಅರಕೆರೆ
22 ಜುಲೈ 2024

ಪ್ರೀತಿಯ ಶಬ್ರೀನ್,

ನಿನ್ನನ್ನು ಮರೆಯುವುದುಂಟೆ? ಎರಡನೇ ಬೆಂಚು, ಕಿಟಕಿಯ ಪಕ್ಕ. ನಿನ್ನ ಅಕ್ಷರ ಇನ್ನೂ ಬಲಕ್ಕೆ ವಾಲುತ್ತದೆ.

ನಾನು ಈಗ ಅಕ್ಕ ಪುಟ್ಟತಾಯಮ್ಮನ ಮನೆಯಲ್ಲಿದ್ದೇನೆ. ಬೆಳಿಗ್ಗೆ ಎಂಟು ಮಕ್ಕಳು ಪಾಠಕ್ಕೆ ಬರುತ್ತಾರೆ. ಅವರು ಹೇಳುವುದು ನನಗೆ ಕೇಳಿಸದು, ಸ್ಲೇಟಿನ ಮೇಲೆ ಬರೆದು ತೋರಿಸುತ್ತಾರೆ. ಹೀಗೇ ಸಾಗಿದೆ.

ನಿನ್ನ ವಾಕ್ಯಗಳಿಗೆ ಬರೋಣ. ಇಂಗ್ಲಿಷಿನಲ್ಲಿ ಗೊಂದಲವನ್ನು ‘ಮೇಕ್’ ಮಾಡುವುದಿಲ್ಲ. ‘ಕಾಸ್’ ಮಾಡುತ್ತಾರೆ, ‘ಕ್ರಿಯೇಟ್’ ಮಾಡುತ್ತಾರೆ. ದೊಡ್ಡ ಗೊಂದಲಕ್ಕೆ ‘ಬಿಗ್’ ಬರುವುದಿಲ್ಲ, ‘ಅಟರ್ ಕನ್‌ಫ್ಯೂಷನ್’ ಅಥವಾ ‘ಟೋಟಲ್ ಕನ್‌ಫ್ಯೂಷನ್’. ಇರುವ ಗೊಂದಲಕ್ಕೆ ಇನ್ನಷ್ಟು ಸೇರಿದರೆ ‘ಆಡ್ ಟು ದಿ ಕನ್‌ಫ್ಯೂಷನ್’. ಮೊದಲೇ ಆಗದಂತೆ ನೋಡಿಕೊಂಡರೆ ‘ಅವಾಯ್ಡ್’, ಆದದ್ದನ್ನು ಬಿಡಿಸಿದರೆ ‘ಕ್ಲಿಯರ್ ಅಪ್’. ಏಕೆ ಎಂದು ಕೇಳಬೇಡ, ರೂಢಿ. ನಾವು ಊಟ ಮಾಡುತ್ತೇವೆ, ಸ್ನಾನ ಮಾಡುತ್ತೇವೆ, ಹರಟೆ ಮಾತ್ರ ಹೊಡೆಯುತ್ತೇವೆ ಎನ್ನುತ್ತೇವಲ್ಲ, ಹಾಗೆ. ‘ಅರೈಸ್’ ಎಂಬುದನ್ನು ನೀನು ಬಿಟ್ಟಿದ್ದೀಯ. ಕನ್‌ಫ್ಯೂಷನ್ ಅರೋಸ್ ಎಂದರೆ ಗೊಂದಲ ತಾನಾಗಿಯೇ ಎದ್ದಿತು, ಹೊಗೆಯ ಹಾಗೆ. ಯಾರೂ ಎಬ್ಬಿಸಬೇಕಾಗಿಲ್ಲ.

ಹತ್ತನೆಯ ವಾಕ್ಯದಲ್ಲಿ ವ್ಯಾಕರಣದ ತಪ್ಪಿಲ್ಲ. ಆಫೀಸಿನ ಕಾಗದಗಳಲ್ಲಿ ಹೀಗೇ ಬರೆಯುವುದು. ಯಾರೊಬ್ಬರ ಮೇಲೂ ತಪ್ಪು ಹೊರಿಸುವ ಉದ್ದೇಶ ಅಂಥ ವಾಕ್ಯಕ್ಕೆ ಇರುವುದಿಲ್ಲ. ಹಳೆಯ ಕಾಗದಗಳನ್ನು ಟ್ರಂಕಿನಲ್ಲೇ ಇಡುವುದು ಒಳ್ಳೆಯದು. ನೀನು ಬಿ.ಎಡ್. ತಯಾರಿಯ ಕಡೆ ಗಮನ ಕೊಡು. ಮುಂದಿನ ಸಲ ‘ಡೌಟ್’ ಎಂಬ ಪದ ತೆಗೆದುಕೊ.

ಅಬ್ಬ, ಅಮ್ಮಿ ಮುಮ್ತಾಜ್ ಚೆನ್ನಾಗಿದ್ದಾರೆಯೇ?

ನಿನ್ನ,
ಪ್ರಮೀಳಾ ಮಿಸ್

*

ನಾಗಮಂಗಲ
5 ಆಗಸ್ಟ್ 2024

ಪ್ರೀತಿಯ ಮಿಸ್,

ತಿದ್ದಿದ ಹಾಳೆ ಬಂತು. ‘ಡೌಟ್’ ಆಮೇಲೆ ಬರೆಯುತ್ತೇನೆ. ಟ್ರಂಕಿನ ಕಾಗದ ಏಕೆ ಹೊರಗೆ ಬಂತೆಂದು ನಿಮಗೆ ಹೇಳಬೇಕು.

ಕೆ.ಆರ್. ಪೇಟೆ ಬಿಟ್ಟು ಬಂದ ಮೇಲೆ ಅಬ್ಬ ಸ್ಟೇರಿಂಗ್ ಮುಟ್ಟಿಲ್ಲ. ಇಲ್ಲಿ ಯಾಸಿನ್ ಮಾಮುವಿನ ಹಾಸಿಗೆ ಅಂಗಡಿಯಲ್ಲಿ ಹತ್ತಿ ಬಿಡಿಸುತ್ತಾರೆ. ಹತ್ತಿಯ ಧೂಳು ಎದೆಗೆ ಸೇರಿ ಕೆಮ್ಮು. ಈ ಮೇ ತಿಂಗಳಲ್ಲಿ ಇಲ್ಲಿಯ ಒಂದು ಶಾಲೆಯವರು ವ್ಯಾನಿಗೆ ಡ್ರೈವರ್ ಬೇಕೆಂದರು. ಅಮ್ಮಿ ಒಂದು ವಾರ ಬೆನ್ನು ಹತ್ತಿ ಅಬ್ಬನನ್ನು ಒಪ್ಪಿಸಿದರು. ಲೈಸೆನ್ಸು ನವೀಕರಿಸಿದ್ದಾಯಿತು. ಹಳೆಯ ಶಾಲೆಯ ಕಾಗದ ಏನಾದರೂ ಇದೆಯೇ ಎಂದು ಅವರು ಕೇಳಿದಾಗ ಅಬ್ಬ ಧೈರ್ಯವಾಗಿ ಇದನ್ನೇ ಕೊಟ್ಟುಬಂದರು. ಯಾಕೆಂದರೆ ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಗೊಂದಲ ಆಯಿತು ಎಂದಷ್ಟೇ ಅದರಲ್ಲಿದೆ ಎಂದು ಅವರು ಒಂಬತ್ತು ವರ್ಷದಿಂದ ತಿಳಿದಿದ್ದಾರೆ. ಆ ಶಾಲೆಯವರು ಮಾರನೆಯ ದಿನ ಕಾಗದ ವಾಪಸು ಕಳಿಸಿ, ಇಂಥವರ ಕೈಗೆ ಮಕ್ಕಳನ್ನು ಹೇಗೆ ಕೊಡುವುದು ಎಂದರಂತೆ.

ಆದ್ದರಿಂದ ಆ ವಾಕ್ಯಕ್ಕೆ ಉದ್ದೇಶ ಇತ್ತೋ ಇಲ್ಲವೋ, ತಪ್ಪು ಅಬ್ಬನ ಮೇಲೆ ಬಂದು ಕೂತಿದೆ ಮಿಸ್.

ಕಾಗದದ ಅರ್ಥ ನಾನು ಅವರಿಗೆ ಹೇಳಿಲ್ಲ. ಆ ಶಾಲೆಯವರು ತಪ್ಪು ತಿಳಿದಿರಬೇಕು ಎನ್ನುತ್ತಾರೆ. ಕಾಗದ ಬರೆಯುವಾಗ ನೀವು ಅಲ್ಲಿದ್ದಿರಂತೆ. ‘ಆ ಮೇಡಮ್ಮು ನನ್ ಕಡೆ ಇದ್ರು ಕಣಮ್ಮ, ಅವ್ರು ಇಲ್ದಿದ್ರೆ ಇನ್ನೂ ಏನೇನ್ ಬರೀತಿದ್ರೋ’ ಎಂದು ಮೊನ್ನೆಯೂ ಅಂದರು. ಹಾಗಾದರೆ ಬರೆದವರು ಯಾರೆಂದು ನಿಮಗೆ ಗೊತ್ತಿರಬೇಕು. ಅವರಿಂದ ಇನ್ನೊಂದು ಕಾಗದ ಬರೆಸಿಕೊಳ್ಳಬಹುದೇ? ನಿಮಗೆ ತೊಂದರೆಯಾಗುವುದಾದರೆ ಬೇಡ.

ಶಬ್ರೀನ್

*

ಅರಕೆರೆ
2 ಸೆಪ್ಟೆಂಬರ್ 2024

ಶಬ್ರೀನ್,

ನಾಲ್ಕು ವಾರ ಉತ್ತರಿಸಲಿಲ್ಲ. ಹುಷಾರಿರಲಿಲ್ಲ ಎಂದು ಬರೆಯಬಹುದಿತ್ತು. ಹುಷಾರಾಗಿಯೇ ಇದ್ದೆ.

ಆ ಕಾಗದ ಬರೆದವಳು ನಾನು.

ಅವತ್ತು ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಮ್ಮದು ನಲವತ್ತೆರಡು ಮಕ್ಕಳು. ಹೇಮಗಿರಿಯ ಕಟ್ಟೆಯ ಹತ್ತಿರ ಇನ್ನೂ ಎರಡು ಶಾಲೆಯ ಬಸ್ಸುಗಳು ಬಂದಿದ್ದವು. ಮಕ್ಕಳೆಲ್ಲ ಬೆರೆತುಹೋಗಿ ಯಾರ ಮಗು ಯಾರದೆಂದು ತಿಳಿಯದಂತಾಗಿತ್ತು. ಗೊಂದಲ ಇದ್ದದ್ದು ನಿಜ. ನನ್ನ ವಾಕ್ಯದಲ್ಲಿ ಅದೊಂದೇ ನಿಜ. ಮೂರೂವರೆಗೆ ಎಲ್ಲರನ್ನೂ ಬಸ್ಸು ಹತ್ತಿಸಿದೆ. ನನಗೆ ತಲೆನೋವಿತ್ತು. ಅಷ್ಟೇ ಕಾರಣ, ಅದಕ್ಕಿಂತ ದೊಡ್ಡದನ್ನು ಹುಡುಕಿ ನೋಡಿದ್ದೇನೆ, ಸಿಗಲಿಲ್ಲ. ಎದ್ದು ಸೀಟು ಸೀಟಿಗೆ ಹೋಗಿ ಎಣಿಸಬೇಕಾದವಳು ಮುಂದಿನ ಸೀಟಿನಲ್ಲಿ ಕೂತು, ಹಾಜರಿ ಪುಸ್ತಕದಿಂದ ತಲೆ ಎತ್ತದೆ ಹೆಸರು ಕೂಗಿದೆ. ಸಹನಳ ಹೆಸರಿಗೆ ಯಾವುದೋ ಮಗು ‘ಎಸ್ ಮಿಸ್’ ಅಂದಿತು. ಟಿಕ್ ಹಾಕಿದೆ. ನಿನ್ನ ಅಬ್ಬ ಎರಡು ಸಲ ಕೇಳಿದರು, ಎಲ್ಲ ಹತ್ತಿದರೇ ಎಂದು. ಎರಡನೆಯ ಸಲ ನಾನು ಸಿಡುಕಿದೆ. ಹತ್ತಿದ್ದಾರೆ, ನಡೀರಿ ಅಂದೆ.

ಮುಂದಿನದು ನಿನಗೆ ಗೊತ್ತು. ಕೆ.ಆರ್. ಪೇಟೆಯ ಸ್ಟಾಪಿನಲ್ಲಿ ಸಹನಳ ತಾಯಿ ಅಣ್ಣಮ್ಮ ಶೀಳನೆರೆಯಿಂದ ಬಂದು ಕಾಯುತ್ತಿದ್ದರು. ಮಗಳು ಇಳಿಯಲಿಲ್ಲ. ನಿನ್ನ ಅಬ್ಬ ಯಾರನ್ನೂ ಕೇಳದೆ ಬಸ್ಸು ತಿರುಗಿಸಿದರು. ಅತ್ತ ಆ ಹುಡುಗಿ ಬಸ್ಸು ಕಾಣದೆ, ಆಚೆ ದಡದ ರಸ್ತೆಯಲ್ಲಿರಬಹುದೆಂದು ಬಂಡೆಗಳ ಮೇಲೆ ದಾಟಲು ಹೋಗಿ ಜಾರಿ, ಕಾಲು ಸಂದಿಗೆ ಸಿಕ್ಕಿಕೊಂಡು ಎರಡು ಗಂಟೆ ನೀರಿನಲ್ಲಿದ್ದಳು. ಮೀನು ಹಿಡಿಯುವವರ ಜೊತೆ ಸೊಂಟದ ನೀರಿಗಿಳಿದು ಅವಳನ್ನು ಎತ್ತಿಕೊಂಡು ಬಂದವರು ನಿನ್ನ ಅಬ್ಬ. ಅದನ್ನೂ ನಾನು ಬರೆಯಲಿಲ್ಲ.

ಆ ಸಂಜೆ ಕಾರ್ಯದರ್ಶಿ ರವೀಂದ್ರ ನನ್ನನ್ನು ಕರೆದು, ಟೀಚರ ತಪ್ಪೆಂದರೆ ಶಾಲೆಯ ಮಾನ್ಯತೆ ಹೋಗುತ್ತದೆ, ಡ್ರೈವರು ಹೇಗೂ ಗುತ್ತಿಗೆಯವರು ಎಂದರು. ಬೆದರಿಸಲಿಲ್ಲ, ಮೆತ್ತಗೆ ಹೇಳಿದರು. ನಾನು ಹತ್ತು ನಿಮಿಷದಲ್ಲಿ ಬರೆದುಕೊಟ್ಟೆ. ನಿನ್ನ ಅಬ್ಬನ ಪ್ಯಾಂಟು ಇನ್ನೂ ಒದ್ದೆ ಇತ್ತು. ಏನು ಬರೆದಿದೆ ಮೇಡಂ ಎಂದು ನನ್ನನ್ನೇ ಕೇಳಿದರು. ಗೊಂದಲ ಆಯಿತು ಅಂತ ಬರೆದಿದೆ ಅಂದೆ. ಸಹಿ ಹಾಕಿದರು.

ಮೂರನೆಯ ದಿನ ಅವರನ್ನು ಬಸ್ ಸ್ಟ್ಯಾಂಡಿನಲ್ಲಿ ಹೊಡೆದರು. ಮಗುವನ್ನು ಬೇಕೆಂದೇ ಬಿಟ್ಟು ಬಂದ ಎಂದು ಊರು ಆಡಿಕೊಂಡಿತು. ನಾನು ಬಾಗಿಲು ಹಾಕಿಕೊಂಡು ಮನೆಯಲ್ಲಿದ್ದೆ. ನೀವು ಊರು ಬಿಟ್ಟ ಮೇಲೆ ನಿನ್ನ ಬೆಂಚಿನಲ್ಲಿ ಬೇರೆ ಮಗುವನ್ನು ಕೂರಿಸಿ ಪಾಠ ಮುಂದುವರಿಸಿದೆ.

ನಾನು ಅವರ ಕಡೆ ಇದ್ದೆ ಎಂದು ನಿನ್ನ ಅಬ್ಬ ಹೇಳಿದ ಮಾತನ್ನು ನೀನು ಬರೆದೆಯಲ್ಲ, ಅದನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಇದನ್ನು ಅವರಿಗೆ ಓದಿ ಹೇಳು.

ಪ್ರಮೀಳಾ

*

ಅರಕೆರೆ
10 ಅಕ್ಟೋಬರ್ 2024

ಶಬ್ರೀನ್,

ನಿನ್ನಿಂದ ಉತ್ತರವಿಲ್ಲ. ನಿನ್ನ ಸಿಟ್ಟು ನನಗೆ ಸಲ್ಲತಕ್ಕದ್ದೇ. ಉತ್ತರಕ್ಕಾಗಿ ಬರೆಯುತ್ತಿಲ್ಲ, ಒಂದು ವಿಷಯ ತಿಳಿಸಲು.

ಹೋದ ವಾರ ಕೆ.ಆರ್. ಪೇಟೆಗೆ ಹೋಗಿ ರವೀಂದ್ರ ಅವರನ್ನು ಕಂಡೆ. ಹೊಸ ಕಾಗದ ಕೊಡಿ, ನಾನು ಸಹಿ ಹಾಕುತ್ತೇನೆ ಎಂದೆ. ಅವರಿಗೆ ವಯಸ್ಸಾಗಿದೆ, ನನಗಾಗಿ ಮಾತನ್ನು ಚೀಟಿಯಲ್ಲಿ ಬರೆದು ತೋರಿಸಿದರು. ಚೀಟಿ ನನ್ನ ಬಳಿಯೇ ಇದೆ: ‘ಎಲ್ಲಾ ಮುಗಿದು ಹೋದ ವಿಷಯ. ಈಗ್ಯಾಕೆ ಮೇಡಂ ಸುಮ್ನೆ ಕನ್‌ಫ್ಯೂಷನ್ ಕ್ರಿಯೇಟ್ ಮಾಡ್ತೀರಿ?’

ಪದಗಳ ಜೋಡಣೆ ಸರಿಯಾಗಿದೆ. ನಾನೇ ಕಲಿಸಿದ ಹಾಗಿದೆ.

ನಾನು ಬಿಡುವುದಿಲ್ಲ. ಆದರೆ ನಿನ್ನ ಅಬ್ಬ ಒಂದು ಮಾತನ್ನಾದರೂ ಕಳಿಸಿದ್ದರೆ, ಬೈಗುಳವೇ ಆಗಲಿ, ಎಂದು ದಿನಾ ಪೋಸ್ಟ್‌ಮ್ಯಾನನ್ನು ನೋಡುತ್ತೇನೆ.

ಪ್ರಮೀಳಾ

*

ನಾಗಮಂಗಲ
27 ಅಕ್ಟೋಬರ್ 2024

ಮಿಸ್,

ನನಗೆ ಸಿಟ್ಟು ಬಂದಿಲ್ಲ. ಬಂದಿದ್ದರೆ ಎಷ್ಟು ಸುಲಭವಿತ್ತು.

ನಿಮ್ಮ ಸೆಪ್ಟೆಂಬರಿನ ಕಾಗದ ಅಬ್ಬನಿಗೆ ಓದಿ ಹೇಳಿಲ್ಲ. ಎರಡು ಸಲ ಓದಲು ಕೂತೆ. ಎರಡೂ ಸಲ ‘ಯಾವುದೋ ಮಗು’ ಎಂಬಲ್ಲಿಗೆ ಬರುವ ಮುಂಚೆಯೇ ಎದ್ದು ಹೋದೆ.

ಆ ಮಗು ನಾನು.

ಬಸ್ಸಿನ ಬಾಗಿಲಲ್ಲಿ ಸಹನ ನನ್ನ ಕೈ ಹಿಡಿದು, ‘ಕಾಲ್ ತೊಳ್ಕೊಂಡು ಬತ್ತೀನಿ ಕಣೇ ಶಬ್ಬು, ಮಿಸ್ ಕೂಗುದ್ರೆ ಎಸ್ ಅಂದ್ಬುಡು’ ಎಂದು ಓಡಿದಳು. ಅವಳ ಕಾಲೆಲ್ಲ ಕೆಸರಾಗಿತ್ತು, ನೀವು ಬೈಯುತ್ತೀರೆಂದು ಅವಳಿಗೆ ಭಯ. ನಾನು ಎಸ್ ಅಂದೆ. ಬಸ್ಸು ಹೊರಟಿತು. ಹಿಂದಿನ ಬಾಗಿಲಿಂದ ಹತ್ತಿರಬೇಕು ಎಂದುಕೊಂಡೆ.

ಇಷ್ಟೇ ಆಗಿದ್ದರೆ ಹೇಳಿಬಿಡುತ್ತಿದ್ದೆನೇನೋ. ಅರ್ಧ ದಾರಿಯಲ್ಲಿ ನನಗೆ ಗೊತ್ತಾಯಿತು ಮಿಸ್. ತಿರುಗಿ ಒಂದೊಂದೇ ಸೀಟು ನೋಡಿದೆ. ಇರಲಿಲ್ಲ. ಎದುರಿಗೆ ಅಬ್ಬನ ಬೆನ್ನು ಕಾಣಿಸುತ್ತಿತ್ತು, ನಾಲ್ಕು ಹೆಜ್ಜೆ. ಹೋಗಿ ಹೇಳಿದ್ದರೆ ಅಲ್ಲೇ ತಿರುಗಿಸುತ್ತಿದ್ದರು. ಅವಳು ಆಗಿನ್ನೂ ಬಂಡೆಯ ಮೇಲೆ ಹತ್ತಿಯೇ ಇರಲಿಲ್ಲವೇನೋ. ಸುಳ್ಳು ಎಸ್ ಅಂದದ್ದು ಗೊತ್ತಾಗುತ್ತದೆ ಎಂದು ಹೆದರಿ ಕೂತೆ. ಎಲ್ಲರೂ ಹಾಡು ಹೇಳುತ್ತಿದ್ದರು, ನಾನೂ ಹೇಳಿದೆ.

ಅಬ್ಬನನ್ನು ಹೊಡೆದ ದಿನ ಅಮ್ಮಿ ಅವರ ಮುಖ ಒರೆಸುತ್ತಿದ್ದರು, ನಾನು ಬೋಗುಣಿ ಹಿಡಿದು ನಿಂತಿದ್ದೆ. ಆಗಲೂ ಹೇಳಲಿಲ್ಲ.

ಜುಲೈನಲ್ಲಿ ನಿಮಗೆ ಬರೆದದ್ದು ಇಂಗ್ಲಿಷಿಗಾಗಿ ಅಲ್ಲ. ಎಸ್ ಎಂದ ಮಗುವಿನ ಸುದ್ದಿ ಯಾರಿಗಾದರೂ ಗೊತ್ತಿದೆಯೇ, ಎಲ್ಲಾದರೂ ಬರೆದಿದೆಯೇ ಎಂದು ತಿಳಿಯಲು. ನೀವು ತಪ್ಪೊಪ್ಪಿಕೊಂಡ ಕಾಗದ ಓದಿದಾಗ ನನಗೆ ಮೊದಲು ಅನಿಸಿದ್ದು ಸಮಾಧಾನ. ಮಿಸ್‌ಗೆ ಅದು ಯಾರೆಂದು ಗೊತ್ತಿಲ್ಲ ಎಂದು. ನಾನು ಎಂಥವಳೆಂದು ಈಗ ನಿಮಗೆ ತಿಳಿಯಿತು.

ಶಬ್ರೀನ್

*

ಅರಕೆರೆ
4 ನವೆಂಬರ್ 2024

ಪ್ರೀತಿಯ ಶಬ್ರೀನ್,

ನಿನ್ನ ಕಾಗದ ಬಂದ ದಿನವೇ ಬರೆಯುತ್ತಿದ್ದೇನೆ.

ನಿನಗೆ ಹನ್ನೊಂದು ವರ್ಷ. ಹನ್ನೊಂದು ವರ್ಷದ ಮಗು ಗೆಳತಿಗಾಗಿ ಎಸ್ ಅನ್ನುತ್ತದೆ, ಎಲ್ಲ ಕ್ಲಾಸಿನಲ್ಲೂ ಅನ್ನುತ್ತದೆ. ಅದಕ್ಕಾಗಿಯೇ ಟೀಚರಿಗೆ ಕಣ್ಣು ಕೊಟ್ಟಿರುವುದು. ನಾನು ತಲೆ ಎತ್ತಿದ್ದರೆ ನಿನ್ನ ಎಸ್ ಯಾರಿಗೂ ಏನೂ ಮಾಡುತ್ತಿರಲಿಲ್ಲ. ಅದನ್ನು ನನ್ನ ಲೆಕ್ಕಕ್ಕೆ ಬಿಡು.

ಶ್ರೀರಂಗಪಟ್ಟಣದ ನೋಟರಿಯ ಹತ್ತಿರ ಒಂದು ಪ್ರಮಾಣಪತ್ರ ಮಾಡಿಸುತ್ತಿದ್ದೇನೆ. ಅದರಲ್ಲಿ ‘ಒಂದು ಮಗು’ ಎಂದಷ್ಟೇ ಇರುತ್ತದೆ. ನಿನ್ನ ಹೆಸರು ಎಲ್ಲಿಯೂ ಬರುವುದಿಲ್ಲ. ನನ್ನ ಒಂದು ಮಾತು ಕೇಳು. ಅಬ್ಬನಿಗೆ ಹೇಳಬೇಡ. ಅವರಿಗೆ ಆಗಿರುವ ನೋವು ಸಾಕು. ಮಗಳ ಕಡೆಯಿಂದ ಇನ್ನೊಂದು ಬೇಡ. ನೀನು ಮುಂದೆ ಟೀಚರಾಗುವವಳು.

ಪ್ರಮೀಳಾ ಮಿಸ್

*

ನಾಗಮಂಗಲ
20 ನವೆಂಬರ್ 2024

ಮಿಸ್,

ನಿಮ್ಮ ಸಲಹೆ ಒಳ್ಳೆಯ ಮನಸ್ಸಿನಿಂದ ಬಂದದ್ದು. ಆದರೆ ಅವತ್ತು ಸಂಜೆ ಕಾರ್ಯದರ್ಶಿಯವರು ನಿಮಗೆ ಮೆತ್ತಗೆ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ ಅಲ್ಲವೇ?

ಅಬ್ಬನಿಗೆ ಹೇಳಿದೆ. ಶುಕ್ರವಾರ ಮಸೀದಿಯಿಂದ ಬಂದು ಊಟ ಮಾಡಿ ಕೂತಿದ್ದರು. ಮೊದಲು ನಿಮ್ಮ ಕಾಗದ ಪೂರ್ತಿ ಓದಿದೆ. ಆಮೇಲೆ ನನ್ನದು ಹೇಳಿದೆ. ಅಮ್ಮಿ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತರು. ಅಬ್ಬ ಕೆಮ್ಮಿದರು. ಆಮೇಲೆ ಹೇಳಿದ್ದು ಎರಡೇ ಮಾತು. ಹಾಗೇ ಬರೆಯುತ್ತೇನೆ.

‘ನಿಂಗಾಗ ಅನ್ನೊಂದು ವರ್ಸ. ಆ ಮೇಡಮ್ಮಿಗೆ ಎಷ್ಟ್ ವರ್ಸ ಆಗಿತ್ತು, ಕೇಳಿ ಬರಿ.’

ನನಗೆ ಬೈಯಲಿಲ್ಲ. ಆದರೆ ದಿನಾ ರಾತ್ರಿ ಊಟಕ್ಕೆ ಮುಂಚೆ ನನ್ನಿಂದ ಪೇಪರ್ ಓದಿಸಿ ಕೇಳುತ್ತಿದ್ದರು. ಹನ್ನೆರಡು ದಿನದಿಂದ ಕರೆದಿಲ್ಲ. ಪೇಪರು ಮಡಚಿದ ಹಾಗೇ ಇರುತ್ತದೆ.

ಶಬ್ರೀನ್

*

ಅರಕೆರೆ
6 ಡಿಸೆಂಬರ್ 2024

ಶಬ್ರೀನ್,

ಅಬ್ಬನಿಗೆ ಹೇಳು: ನಲವತ್ತೆಂಟು.

ನಾನು ಶೀಳನೆರೆಗೆ ಹೋಗಿ ಬಂದೆ. ಸಹನ ಅಲ್ಲಿಯ ಹಾಲಿನ ಡೈರಿಯಲ್ಲಿ ಕೆಲಸ ಮಾಡುತ್ತಾಳೆ. ಸಂಜೆಯ ಹಾಲು ಅಳೆಯುತ್ತಿದ್ದಳು. ಬಲಗಾಲು ಸ್ವಲ್ಪ ಗಿಡ್ಡವಾಗಿ ಕೂಡಿಕೊಂಡಿದೆ, ನಡೆದರೆ ಕಾಣುತ್ತದೆ. ಕೆಲಸ ಮುಗಿಯುವವರೆಗೆ ಕಾದು ಅವಳ ಜೊತೆ ಮನೆಗೆ ಹೋಗಿ, ಅವಳಿಗೂ ಅಣ್ಣಮ್ಮನಿಗೂ ಎಲ್ಲ ಹೇಳಿದೆ. ನಿನ್ನ ಹೆಸರು ಹೇಳಲಿಲ್ಲ. ಯಾವುದೋ ಮಗು ಎಸ್ ಅಂದಿತು ಎಂದೆ. ಸಹನ ನನ್ನ ಕೈಯಿಂದ ಸ್ಲೇಟು ತೆಗೆದುಕೊಂಡು ಬರೆದಳು: ‘ಶಬ್ಬು ಅಂದದ್ದು. ಅನ್ನಲು ಹೇಳಿದ್ದು ನಾನು. ಅವಳಿಗೆ ಏಟು ಬೀಳುತ್ತದೆ ಎಂದು ಯಾರಿಗೂ ಹೇಳಲಿಲ್ಲ.’ ಆಸ್ಪತ್ರೆಯಲ್ಲಿ ಪೊಲೀಸರು ಕೇಳಿದಾಗಲೂ ಹೇಳಿರಲಿಲ್ಲವಂತೆ.

ಅಣ್ಣಮ್ಮ ಎದ್ದು ಹೊರಗೆ ಹೋದರು. ನನ್ನನ್ನು ಹೊರಗಟ್ಟಲು ಯಾರನ್ನಾದರೂ ಕರೆತರುತ್ತಾರೆ ಎಂದುಕೊಂಡೆ. ಒಬ್ಬರೇ ವಾಪಸು ಬಂದು, ನನ್ನ ಕಿವಿಯ ಹತ್ತಿರ ಬಾಯಿಟ್ಟು ಹೇಳಿದರು, ಅಷ್ಟು ಹತ್ತಿರದಲ್ಲಿ ನನಗೂ ಕೇಳಿಸಿತು. ‘ಆವಯ್ಯನ್ನ ಒಡ್ದದ್ದು ನನ್ ತಮ್ಮದೀರು. ಕಳ್ಸಿದ್ದು ನಾನೇ ಕಣವ್ವ. ನೀನು ಬರ್ದೆ, ನಾನ್ ಒಡಿಸ್ದೆ.’

ಪ್ರಮಾಣಪತ್ರ ಈ ಕಾಗದದ ಜೊತೆಗಿದೆ. ಕನ್ನಡದಲ್ಲೇ ಬರೆದೆ. ‘ನಾನು ಎಣಿಸಲಿಲ್ಲ. ಡ್ರೈವರ್ ಗೌಸ್ ಅವರು ಎರಡು ಸಲ ಕೇಳಿದರು. ಎಲ್ಲರೂ ಹತ್ತಿದ್ದಾರೆಂದು ನಾನು ಹೇಳಿದೆ. ಮಗುವನ್ನು ನೀರಿನಿಂದ ಎತ್ತಿ ತಂದವರು ಅವರು. ತಪ್ಪು ಅವರ ಮೇಲೆ ಬರುವಂತೆ ವರದಿ ಬರೆದವಳು ನಾನು, ಅದರಲ್ಲಿ ಏನಿದೆ ಎಂದು ಅವರಿಗೆ ಸುಳ್ಳು ಹೇಳಿ ಸಹಿ ಹಾಕಿಸಿದವಳೂ ನಾನು.’ ಒಂದು ಪ್ರತಿ ಹಳೆಯ ಶಾಲೆಗೆ, ಒಂದು ಠಾಣೆಗೆ, ಒಂದು ನಿಮ್ಮೂರಿನ ಆ ಶಾಲೆಗೆ ರಿಜಿಸ್ಟರ್ ಮಾಡಿದ್ದೇನೆ. ನನ್ನ ಪಾಠಕ್ಕೆ ಬರುವ ಮಕ್ಕಳ ತಾಯಂದಿರಿಗೂ ಓದಲು ಕೊಟ್ಟೆ. ಎಂಟರಲ್ಲಿ ಐದು ಮಕ್ಕಳು ಈಗ ಬರುತ್ತಿಲ್ಲ.

ನಿಮ್ಮ ಮನೆಗೆ ಬಂದು ಅಬ್ಬನ ಎದುರು ಇದನ್ನು ಹೇಳಬೇಕೆಂದಿದೆ. ಅವರು ಬಾ ಎಂದರೆ ಬರುತ್ತೇನೆ.

ಪ್ರಮೀಳಾ

*

ನಾಗಮಂಗಲ
12 ಜನವರಿ 2025

ಪ್ರಮೀಳಾ ಮಿಸ್ ಅವರಿಗೆ,

ಅಬ್ಬ ಬರಬೇಡಿ ಎಂದಿದ್ದಾರೆ. ಕಾಗದ ಸಾಕಂತೆ. ನಿಮ್ಮ ವಯಸ್ಸು ಹೇಳಿದಾಗ, ತಮಗಿಂತ ಎಂಟು ವರ್ಷ ದೊಡ್ಡವರು ಎಂದರು, ಅಷ್ಟೇ. ನಾನು ಕ್ಷಮಿಸಿದೆನೇ ಎಂದು ನೀವು ಕೇಳಿಲ್ಲ. ಕೇಳದಿದ್ದದ್ದು ಒಳ್ಳೆಯದಾಯಿತು.

ಇಲ್ಲಿಯ ಶಾಲೆಯವರು ನಿಮ್ಮ ಪ್ರತಿ ತಲುಪಿದೆ ಎಂದು ತಿಳಿಸಿದರು. ಆ ಕೆಲಸಕ್ಕೆ ಜೂನ್‌ನಲ್ಲೇ ಬೇರೆಯವರು ಸೇರಿದ್ದಾರೆ.

ಅಣ್ಣಮ್ಮ ಬಂದಿದ್ದರು. ಯಾಸಿನ್ ಮಾಮುವಿನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಅತ್ತರು. ಅಬ್ಬನಿಗೆ ಏನು ಮಾಡಬೇಕೋ ತಿಳಿಯದೆ, ಹತ್ತಿ ಮೂಗಿಗೆ ಹೋಗುತ್ತದೆ, ಮನೆಗೆ ಬನ್ನಿ ಎಂದು ಕರೆದುಕೊಂಡು ಬಂದರು. ಅಮ್ಮಿ ಮಾತಾಡಿಸಲಿಲ್ಲ, ಊಟ ಮಾತ್ರ ಬಡಿಸಿದರು.

ಹೋದ ಭಾನುವಾರ ಅಬ್ಬ ಇದ್ದಕ್ಕಿದ್ದಂತೆ ಬಟ್ಟೆ ಹಾಕಿಕೊಂಡು, ಮೇಡಮ್ಮಿನ ಪ್ರಮಾಣಪತ್ರ ತಗೋ, ಪ್ಯಾಟೆಗೆ ಹೋಗಿ ಬರೋಣ ಎಂದರು. ಹತ್ತು ವರ್ಷದ ಮೇಲೆ ಮೊದಲ ಸಲ. ದಾರಿಯುದ್ದಕ್ಕೂ ಡ್ರೈವರ ಕೈಯನ್ನೇ ನೋಡುತ್ತಿದ್ದರು. ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನ ಪಕ್ಕ ಮರಿಸ್ವಾಮಿ ಅವರ ಟೀ ಅಂಗಡಿ ಇದೆಯಲ್ಲ, ಅಬ್ಬನನ್ನು ಹೊಡೆದದ್ದು ಅದರ ಮುಂದೆಯೇ. ಅಲ್ಲಿ ಬೆಂಚಿನ ಮೇಲೆ ಕೂತು, ಓದು ಎಂದರು. ಜೋರಾಗಿ ಓದು ಎಂದರು.

ಓದಿದೆ. ಏಳೆಂಟು ಜನರಿದ್ದರು. ಜನ ಏನೆನ್ನುತ್ತಾರೋ ಎಂದು ಹೆದರಿದ್ದೆ. ಮರಿಸ್ವಾಮಿಯವರಿಗೆ ಅಬ್ಬನ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಹತ್ತಿದ ಮೇಲೆ ‘ಅಂಗಾ’ ಎಂದು ಗ್ಲಾಸು ತೊಳೆಯತೊಡಗಿದರು. ಪಕ್ಕದಲ್ಲಿದ್ದ ಒಬ್ಬ ಆಟೋದವನು, ಯಾವ ಬಸ್ಸು, ಯಾವ ಗೌಸು, ಇದೆಲ್ಲ ಯಾವಾಗ ಆಗಿದ್ದು ಎಂದು ಕೇಳಿದ. ನಾವು ಹತ್ತು ವರ್ಷ ಹೆದರಿಕೊಂಡು ದೂರವಿದ್ದ ಊರಿಗೆ ಆ ಸಂಗತಿಯೇ ಮರೆತುಹೋಗಿತ್ತು ಮಿಸ್.

ಅಬ್ಬನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಎದ್ದು ಹೋಗುತ್ತಾರೆ ಎಂದುಕೊಂಡೆ. ಅವರು ಆಟೋದವನ ಕಡೆ ತಿರುಗಿ ಕೂತು, ಮೊದಲಿನಿಂದ ಹೇಳತೊಡಗಿದರು. ಇಷ್ಟು ವರ್ಷ ಮನೆಯಲ್ಲಿ ಒಂದು ದಿನವೂ ಹೇಳದೆ ಇದ್ದದ್ದನ್ನೆಲ್ಲ ಹೇಳಿದರು. ಕಟ್ಟೆ, ನೀರು, ಮೂರು ಬಸ್ಸು, ನೀವು ಹೆಸರು ಕೂಗಿದ್ದು. ಸಹನಳ ಹೆಸರು ಬಂದಾಗ, ‘ಯಾವ್ದೋ ಒಂದ್ ಮಗ ಎಸ್ ಅಂತು. ಯಾರು ಅಂತ ಇವತ್ಗೂ ಗೊತ್ತಿಲ್ಲ’ ಎಂದರು. ನನ್ನ ಕಡೆ ನೋಡಲೇ ಇಲ್ಲ.

ನಾನು ಎದ್ದು ನಿಂತೆ. ‘ಆ ಮಗ ನಾನೇ’ ಎಂದೆ. ದನಿ ಹೊರಟಿತೋ ಇಲ್ಲವೋ ಎಂದು ಇನ್ನೊಂದು ಸಲ ಅಂದೆ.

ಆಟೋದವನು ನನ್ನನ್ನು ನೋಡಿದ, ಮರಿಸ್ವಾಮಿಯವರೂ ನೋಡಿದರು. ಅಬ್ಬ ನನ್ನ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದರು.

‘ಇವ್ಳೇ ಕಣಪ್ಪ. ನನ್ ಮಗಳು’ ಎಂದು, ನನ್ನ ಕೈ ಬಿಡದೆ ಹೇಳುತ್ತಿದ್ದುದನ್ನು ಮುಂದುವರಿಸಿದರು.

ಶಬ್ರೀನ್